ಕಾಲುಚೀಲ ತೊಟ್ಟ ಎಡಗೈ

ಚಾಚಾ ಕೆಲಸಕ್ಕೆ ಕುಳಿತರೆಂದರೆ ಮೊದಲು ಎಡಗೈಗೊಂದು ಕಾಲುಚೀಲ ಏರಿಸುತ್ತಿದ್ದರು. ಶಾಲೆ ಹುಡುಗರು ಹಾಕುವಂಥ ಕಂದು ಬಣ್ಣದ ಕಾಲುಚೀಲ. ಜಾರಬಾರದೆಂದು ಮಣಿಕಟ್ಟಿನ ಹತ್ತಿರ ಸೈಕಲ್ ಟ್ಯೂಬಿನ ಉಂಗುರ. ಬಲಗೈ ಮಾತ್ರ ಬರಿಗೈ. ಮರಳುಕಾಗದ ಹಿಡಿದು ಹಿಡಿದು ಆ ಕೈಯ ಬೆರಳ ಗೆರೆಗಳೆಲ್ಲ ಅಳಿಸಿಹೋಗಿದ್ದವು, ಅಂಗೈ ಹಳೆಯ ಚಪ್ಪಲಿಯ ಅಟ್ಟೆಯಂತಾಗಿತ್ತು. ಎಡಗೈ ಮಾತ್ರ ಬೇರೆ ಯಾರದೋ ಎನ್ನುವ ಹಾಗೆ ಮೆತ್ತಗೆ, ನುಣ್ಣಗೆ ಇತ್ತು. ಮಲಗುವ ಮುನ್ನ ಅದಕ್ಕೆ ಕುಸುಬಿ ಎಣ್ಣೆ ತಿಕ್ಕಿಕೊಳ್ಳುತ್ತಾರೆಂದು ಅವರ ಹೆಂಡತಿ, ನಾವು ಚಾಚಿ ಎನ್ನುತ್ತಿದ್ದವರು, ನಗುತ್ತ ಹೇಳುತ್ತಿದ್ದರು. ‘ನನ್ನ ಕಾಲು ನೋಯತಾವು ಅಂದ್ರ ಆ ಎಣ್ಣಿ ಬಾಟ್ಲಿ ಮುಟ್ಟಾಕ ಕೊಡಂಗಿಲ್ಲ ನೋಡು’ ಎಂದು ಸೇರಿಸುತ್ತಿದ್ದರು.

ಬಸವನ ಬಾಗೇವಾಡಿಯಲ್ಲಿ ಮುದ್ದೇಬಿಹಾಳದ ರಸ್ತೆಗೆ ಹತ್ತಿದಂತೆ ನಮ್ಮ ಗ್ಯಾರೇಜಿತ್ತು. ಮಾಲಕರು ಟಿಂಕರ್ ಕೆಲಸದವರು. ಗುದ್ದಿಸಿಕೊಂಡು ಬಂದ ಗಾಡಿಯ ತಗಡನ್ನು ಬಡಿದು ಒಂದು ಆಕಾರಕ್ಕೆ ತರುತ್ತಿದ್ದರು. ಅದರ ಮೇಲೆ ತಗ್ಗು ತುಂಬುವ ಪುಟ್ಟಿ ಹಚ್ಚಿ, ಒಣಗಿದ ಮೇಲೆ ಉಜ್ಜಿ ಉಜ್ಜಿ, ಬಣ್ಣ ಹೊಡೆಯುವಷ್ಟು ಸಮ ಮಾಡುವುದು ಚಾಚಾನ ಕಸುಬು. ಬಲಗೈಯಿಂದ ಉಜ್ಜುವುದು, ಕಾಲುಚೀಲ ತೆಗೆದು ಎಡಗೈಯಿಂದ ಸವರಿ ನೋಡುವುದು. ದುಡಿಯುವ ಕೈಗೆ ಸಣ್ಣ ತಗ್ಗು ತಿಳಿಯುವುದಿಲ್ಲವಂತೆ, ಅದಕ್ಕೇ ಇನ್ನೊಂದು ಕೈಯನ್ನು ಹಾಗೆ ಜೋಪಾನ ಮಾಡಿದ್ದರು. ಯಾರಾದರೂ ಬಗ್ಗಿ, ಒಂದು ಕಣ್ಣು ಮುಚ್ಚಿ, ಬಾಗಿಲಿನ ಸಮ ನೋಡಲು ಹೋದರೆ ಸಿಟ್ಟು ಬರುತ್ತಿತ್ತು.

‘ಕಣ್ಣು ಲಂಚ ತಿಂತೈತಿ ತಮ್ಮಾ. ಬಿಸಲು ಚಂದ ಬಿತ್ತು ಅಂದ್ರ ಎಲ್ಲಾ ಪಾಸ್ ಅಂತೈತಿ. ಕೈಗೆ ಏನ್ ಕೊಟ್ರೂ ಸುಳ್ಳ ಹೇಳಂಗಿಲ್ಲ.’

ವಿನಯ, ಸಂಕೋಚ ಎಂಬುವು ಅವರ ಹತ್ತಿರ ಸುಳಿದದ್ದನ್ನು ನಾನು ಕಾಣೆ. ಬಸ್ ಸ್ಟ್ಯಾಂಡಿಗೆ ಚಹಾ ಕುಡಿಯಲು ಹೊರಟರೆ, ದಾರಿಯಲ್ಲಿ ನಿಂತ ಜೀಪು, ಟ್ರ್ಯಾಕ್ಸು, ಅಂಬಾಸಡರುಗಳ ಮೈಮೇಲೆಲ್ಲ ಆ ಎಡಗೈ ಆಡಿಸುತ್ತ ಹೋಗುತ್ತಿದ್ದರು, ಸಂತೆಯಲ್ಲಿ ರೈತರು ಎತ್ತಿನ ಬೆನ್ನು ಸವರಿದ ಹಾಗೆ. ‘ಇದು ಬಿದ್ದೆದ್ದ ಗಾಡಿ’, ‘ಇದಕ್ಕ ಯಾರೋ ಸೋಂಬೇರಿ ಉಜ್ಜ್ಯಾನ’ ಎಂದು ಗಾಡಿಯವನಿಗೆ ಕೇಳಿಸುವ ಹಾಗೇ ಹೇಳುತ್ತಿದ್ದರು. ಹಳೆ ಗಾಡಿ ಕೊಳ್ಳುವವರು ಸಿಂದಗಿ, ಇಂಡಿಯಿಂದಲೂ ಅವರನ್ನು ಕರೆಯಲು ಬರುತ್ತಿದ್ದರು. ಒಮ್ಮೆ ದಲಾಲಿಯೊಬ್ಬ ದೇವರ ಮೇಲೆ ಆಣೆ ಮಾಡಿ, ಈ ಕಾರಿಗೆ ಒಂದು ಗೀರೂ ಬಿದ್ದಿಲ್ಲ ಎಂದ. ಚಾಚಾ ಕಾರನ್ನು ಒಂದು ಸುತ್ತು ಸವರಿ, ಹಿಂದಿನ ಬಾಗಿಲ ಹತ್ತಿರ ನಿಂತು, ‘ಗೀರು ಬಿದ್ದಿಲ್ಲ ಖರೆ. ಬಾಗಿಲಾನ ಬ್ಯಾರೆ ಗಾಡೀದು’ ಎಂದರು. ದಲಾಲಿ ಅಂದಿನಿಂದ ಚಾಚಾನನ್ನು ದೂರದಿಂದ ಕಂಡರೂ ಸಲಾಮು ಹೊಡೆದು ದಾರಿ ಬದಲಿಸುತ್ತಿದ್ದ. ಅದನ್ನು ಚಾಚಾ ನಮಗೆ ನಟಿಸಿ ತೋರಿಸುತ್ತಿದ್ದರು, ಪ್ರತಿ ಸಲವೂ ಸಲಾಮು ಒಂದಿಷ್ಟು ಉದ್ದವಾಗುತ್ತಿತ್ತು.

ನಾನು ಅಲ್ಲೇ ಹತ್ತಿರದ ಮಸೂತಿ ಎಂಬ ಹಳ್ಳಿಯವನು. ಓದು ತಲೆಗೆ ಹತ್ತಲಿಲ್ಲ, ಹೊಲದ ಕೆಲಸಕ್ಕೆ ಅಣ್ಣಂದಿರು ಇದ್ದರು. ಬಣ್ಣ ಹೊಡೆಯುವುದನ್ನು ಸೊಲ್ಲಾಪುರದಲ್ಲಿ ಕಲಿತು ಬಂದು ಈ ಗ್ಯಾರೇಜಿಗೆ ಸೇರಿದ್ದೆ. ನನಗೂ ಜಂಬ ಕಡಿಮೆ ಇರಲಿಲ್ಲ. ಗಾಡಿ ಹೊರಬಿದ್ದಾಗ ಜನ ಹೊಗಳುವುದು ಬಣ್ಣವನ್ನಲ್ಲವೇ? ಅಡಿಯಲ್ಲಿ ಯಾರು ಎಷ್ಟು ಉಜ್ಜಿದ್ದಾರೆಂದು ಯಾರು ಕೇಳುತ್ತಾರೆ? ಈ ಮಾತನ್ನು ಒಂದು ದಿನ ಬಾಯಿ ತಪ್ಪಿ ಅಂದುಬಿಟ್ಟೆ. ಚಾಚಾ ಮರುದಿನವೇ ಮಾಲಕರಿಗೆ ಹೇಳಿ, ಬಣ್ಣದ ಕೆಲಸ ಇಲ್ಲದಾಗ ನಾನು ಪುಟ್ಟಿ ಉಜ್ಜಬೇಕೆಂದು ಮಾಡಿಸಿದರು. ನನಗೂ ಒಂದು ಕಾಲುಚೀಲ ತಂದರು. ಇಂಡಿ ತಾಲೂಕಿನ ಹೊರ್ತಿಯಲ್ಲಿ ನನಗೆ ಹುಡುಗಿ ಗೊತ್ತಾಗಿದ್ದ ಸಮಯವದು. ಕೈಗೆ ಕಾಲುಚೀಲ ತೊಟ್ಟು ಕೂತದ್ದನ್ನು ಬೀಗರ ಕಡೆಯವರು ಯಾರಾದರೂ ನೋಡಿದರೆ? ಅದನ್ನು ಮೊಳೆಗೆ ತೂಗುಹಾಕಿಬಿಟ್ಟೆ.

ಉಜ್ಜುವುದನ್ನು ಬೇಗ ಕಲಿತೆ ಎಂದುಕೊಂಡಿದ್ದೆ. ಆದರೆ ಒಂದು ವರ್ಷ ಕಳೆಯುವುದರೊಳಗೆ ಒಂದು ವಿಚಿತ್ರ ಶುರುವಾಯಿತು. ನಾನು ಉಜ್ಜಿದ ಬಾಗಿಲು ಮೇಲ್ಭಾಗದಲ್ಲಿ ಗಾಜಿನಂತೆ ಸಮ, ಕೆಳಭಾಗದಲ್ಲಿ ಅಲೆ ಅಲೆ. ಪ್ರತಿ ಸಲವೂ ಕೆಳಗೇ. ಚಾಚಾ ಸವರಿ ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದರು.

‘ಸೊಂಟಕ್ಕ ಏನಾಗೇತಿ ನಿನಗ? ಬಗ್ಗಿದ್ರ ಮದಿಮಗ ಮುರದ ಬೀಳತಾನೇನು?’

‘ಬಗ್ಗೇ ಉಜ್ಜೇನ್ರಿ ಚಾಚಾ.’

‘ಬಗ್ಗಿದ್ರ ಈ ತಗ್ಗು ನಿಮ್ಮ ಮಾವ ಬಂದು ಮಾಡಿ ಹೋದನೇನು?’

ಗ್ಯಾರೇಜಿಗೆಲ್ಲ ಇದೇ ನಗೆ. ನಾನು ಬಗ್ಗಲಾರದ ಸೋಮಾರಿ ಎಂದು ಹೆಸರು ಬಿತ್ತು. ನಾನೋ ಬಗ್ಗುವುದೇನು, ನೆಲದ ಮೇಲೆ ಕೂತು, ಒಮ್ಮೊಮ್ಮೆ ಮಲಗಿಯೂ ಉಜ್ಜುತ್ತಿದ್ದೆ. ಎಡಗೈ ಸವರಿದರೆ ಎಲ್ಲ ಸಮವೇ ಇದೆ ಅನ್ನಿಸುತ್ತಿತ್ತು. ಚಾಚಾ ಬೇಕೆಂತಲೇ ನನ್ನ ಮಾನ ಕಳೆಯುತ್ತಿದ್ದಾರೆ ಎಂದು ಮನಸ್ಸಿನಲ್ಲಿಯೇ ಕುದಿಯುತ್ತಿದ್ದೆ.

ಆಗ ಆಲಮಟ್ಟಿಯಲ್ಲಿ ಅಣೆಕಟ್ಟಿನ ಕೆಲಸ ಜೋರಾಗಿ ನಡೆದಿತ್ತು. ಅಲ್ಲಿನ ಗುತ್ತಿಗೆದಾರರೊಬ್ಬರ ಕಪ್ಪು ಅಂಬಾಸಡರ್ ನಮ್ಮಲ್ಲಿಗೆ ಬಂತು. ಕಪ್ಪು ಬಣ್ಣ ಎಂದರೆ ನಮ್ಮವರಿಗೆ ಜ್ವರ ಬರುತ್ತದೆ. ಬಿಳಿಯಲ್ಲಿ ಮುಚ್ಚಿಹೋಗುವ ತಗ್ಗುಗಳೆಲ್ಲ ಕಪ್ಪಿನಲ್ಲಿ ಎದ್ದು ಕಾಣುತ್ತವೆ. ಚಾಚಾ ಊರಲ್ಲಿರಲಿಲ್ಲ, ಕೊಲ್ಹಾರದಲ್ಲಿ ತಂಗಿಯ ಮನೆಯ ಕಾರ್ಯಕ್ಕೆ ಹೋಗಿದ್ದರು. ಎರಡು ಬಾಗಿಲು ನಾನೇ ಉಜ್ಜಿದೆ, ನಾನೇ ಬಣ್ಣ ಹೊಡೆದೆ. ಗಾಡಿಯನ್ನು ಬಿಸಿಲಿಗೆ ತಂದು ನಿಲ್ಲಿಸಿದಾಗ ಕೆಳಗಿನ ಉದ್ದಕ್ಕೂ ಕೆರೆಯ ಮೇಲೆ ಗಾಳಿ ಆಡಿದಂತೆ ಅಲೆಗಳು. ಗುತ್ತಿಗೆದಾರರು ಬಾಯಿಗೆ ಬಂದಂತೆ ಅಂದರು. ಮಾಲಕರು ನನ್ನನ್ನು ಕೆಲಸದಿಂದ ತೆಗೆಯುವ ಮಾತಾಡಿದರು.

ಮರುದಿನ ಚಾಚಾ ಬಂದರು. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ಬಣ್ಣ ಕಿತ್ತು ಮತ್ತೆ ಪುಟ್ಟಿ ಹಚ್ಚಿಸಿ, ‘ನನ್ನ ಮುಂದ ಉಜ್ಜು’ ಎಂದು ಎದುರಿಗೆ ಡಬ್ಬಿ ಹಾಕಿಕೊಂಡು ಕೂತರು. ಬೇಸಿಗೆ. ತಗಡಿನ ಶೆಡ್ಡು ಕಾದ ಹಂಚಿನ ಹಾಗಿತ್ತು. ಪುಟ್ಟಿಯ ಧೂಳು ಬೆವರಿಗೆ ಮೆತ್ತಿ ನನ್ನ ಕೈಗಳೆರಡೂ ಕೆಸರು ಬಳಿದಂತಾಗಿದ್ದವು. ಚಾಚಾ ಬಾಗಿಲು ನೋಡುತ್ತಿರಲಿಲ್ಲ, ನನ್ನ ಎಡಗೈ ನೋಡುತ್ತಿದ್ದರು. ಎದ್ದು ಬಂದು ಮುಂಗೈ ಹಿಡಿದು ತಿರುಗಿಸಿದರು. ಮೊಣಕೈ ಕೆಳಗೆ ಒಳಮಗ್ಗುಲಿಗೆ, ಒಂದು ವೀಳ್ಯದೆಲೆಯಷ್ಟು ಜಾಗದಲ್ಲಿ, ಧೂಳು ಒಣಗಿಯೇ ಇತ್ತು. ಬಾಯಿಂದ ಊದಿದರು. ಅದು ಹಿಟ್ಟಿನ ಹಾಗೆ ಹಾರಿಹೋಯಿತು. ಅಡಿಯಲ್ಲಿ ಚರ್ಮ ತುಸು ಬಿಳಿಚಿತ್ತು, ಒಂದು ಹನಿ ಬೆವರಿಲ್ಲ.

ಚಾಚಾ ಉಳಿದವರನ್ನೆಲ್ಲ ಚಹಾಕ್ಕೆ ಕಳಿಸಿದರು. ತಾವೇ ಎದ್ದು ಹೋಗಿ ಮರಳುಕಾಗದದ ತುಂಡುಗಳನ್ನು ತಂದರು. ಎಂಬತ್ತನೆ ನಂಬರು ಎಂದರೆ ಜಲ್ಲಿಯಂತೆ ಒರಟು, ಇನ್ನೂರಿಪ್ಪತ್ತು ಅದಕ್ಕಿಂತ ಸಣ್ಣದು, ನಾಲ್ಕುನೂರು ಎಂದರೆ ರೇಷ್ಮೆಯ ಹತ್ತಿರ ಹೋದ ಹಾಗೆ. ಈ ಕಸುಬಿನವನು ಅವನ್ನು ನಿದ್ದೆಯಲ್ಲಿ ಮುಟ್ಟಿದರೂ ಹೇಳಬಲ್ಲ.

‘ಕಣ್ ಮುಚ್ಚು. ಇದು ಯಾವ ಪೇಪರು?’

‘ಎಂಬತ್ತು.’

‘ಇದು?’

‘ನಾಲ್ಕುನೂರು.’

ಬಲಗೈಗೆ ಮುಟ್ಟಿಸಿದ್ದೆಲ್ಲ ಸರಿ ಹೇಳಿದೆ. ಎಡಗೈಯ ಹೆಬ್ಬೆರಳು, ತೋರುಬೆರಳಿಗೂ ಸರಿ ಹೇಳಿದೆ. ಆಮೇಲೆ ಅವರು ಸುಮ್ಮನಾದರು. ನಾನು ಕಣ್ಣು ಮುಚ್ಚಿಯೇ ಕಾಯುತ್ತಿದ್ದೆ.

‘ಮುಟ್ಟಿಸ್ರಿ ಚಾಚಾ’ ಅಂದೆ.

‘ಮುಟ್ಟಿಸೇನಿ’ ಅಂದರು.

ಕಣ್ಣು ತೆರೆದರೆ ಎಂಬತ್ತನೆ ನಂಬರಿನ ಒರಟು ಕಾಗದವನ್ನು ನನ್ನ ಕಿರುಬೆರಳಿಗೂ ಉಂಗುರಬೆರಳಿಗೂ ಒತ್ತಿ ಹಿಡಿದಿದ್ದರು. ನನಗೆ ಏನೂ ತಿಳಿದಿರಲಿಲ್ಲ. ಬಾಗಿಲನ್ನು ಅಡ್ಡಕ್ಕೆ ಸವರುವಾಗ ಎಡಗೈಯ ಆ ಎರಡು ಬೆರಳೇ ಕೆಳಗಿರುತ್ತವೆ, ಕೆಳಗಿನ ಅಂಚಿಗೆ ಮುಟ್ಟುವುದೂ ಅವೇ. ನಾನು ಬಗ್ಗುತ್ತಿದ್ದೆ, ಸವರುತ್ತಿದ್ದೆ. ಕೆಳಗಿನ ತಗ್ಗುಗಳ ಸುದ್ದಿ ಮಾತ್ರ ನನಗೆ ಮುಟ್ಟುತ್ತಿರಲಿಲ್ಲ.

ಇಬ್ಬರಿಗೂ ಅದು ಏನೆಂದು ಗೊತ್ತಾಗಿತ್ತು, ಹೆಸರು ಮಾತ್ರ ಇಬ್ಬರೂ ಎತ್ತಲಿಲ್ಲ. ನನ್ನ ಕಣ್ಣ ಮುಂದೆ ಮೊದಲು ಬಂದದ್ದು ಹೊರ್ತಿಯ ಹುಡುಗಿ. ಅವಳ ಮುಖವೂ ಸರಿಯಾಗಿ ನೆನಪಿರಲಿಲ್ಲ, ಉಪ್ಪಿಟ್ಟಿನ ತಾಟು ಇಟ್ಟುಹೋದ ಕೈ ಮಾತ್ರ ನೆನಪಿತ್ತು. ಆಮೇಲೆ ಅವ್ವ. ಆಮೇಲೆ ಈ ಕಸುಬು. ಬೆರಳು ಸೆಟೆದವನ ಕೈಗೆ ಬಣ್ಣದ ಗನ್ನು ಯಾರು ಕೊಡುತ್ತಾರೆ? ಅವನೊಂದಿಗೆ ಕೂತು ಯಾರು ಊಟ ಮಾಡುತ್ತಾರೆ?

ಊಟದ ಹೊತ್ತಿಗೆ ನಾನು ದೂರ ಸರಿದು, ಟಾಯರಿನ ರಾಶಿಯ ಹಿಂದೆ ಬುತ್ತಿ ಬಿಚ್ಚಿದೆ. ಚಾಚಾ ಹುಡುಕಿಕೊಂಡು ಬಂದರು. ‘ಹೆಂಗಸರಂಗ ಸಿಟ್ ಮಾಡಿ ಇಲ್ಲಿ ಕುಂತಿಯಲ್ಲೋ’ ಎಂದು ಎಲ್ಲರಿಗೂ ಕೇಳುವಂತೆ ಗದರಿ, ಪಕ್ಕದಲ್ಲಿ ಕೂತು, ನನ್ನ ರೊಟ್ಟಿ ಮುರಿದು, ನನ್ನ ಶೇಂಗಾ ಚಟ್ನಿಗೇ ಅದ್ದಿ ಬಾಯಿಗಿಟ್ಟರು. ‘ಖಾರ ಕಮ್ಮಿ ಐತಿ, ನಿಮ್ಮವ್ವಗ ಹೇಳು’ ಅಂದರು. ನನಗೆ ಅಳು ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ಮಾಲಕರ ಮುಂದೆ ನಿಂತು, ‘ಇವನ್ನ ಕರಕೊಂಡು ಬಿಜಾಪುರಕ್ಕ ಹೊಂಟೇನಿ, ಪೇಪರ್ ತರಬೇಕು, ಇಲ್ಲೀವು ಛಲೋ ಇಲ್ಲ’ ಎಂದು ಸಲೀಸಾಗಿ ಸುಳ್ಳು ಹೇಳಿದರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಯೇ ಮಾತಾಡಿದರು.

‘ನಮ್ಮ ಮಾಮುಗ ಇದ ಆಗಿತ್ತು. ಹಳೇ ಕೊಲ್ಹಾರದಾಗ ಹೊಳಿ ದಂಡಿಗೆ ಒಂದು ಗುಡಸಲಾ ಹಾಕಿ ಕೊಟ್ಟಿದ್ರು. ನಮ್ಮವ್ವ ರೊಟ್ಟಿ ದೂರ ಇಟ್ಟು ಬರತಿದ್ಲು. ಬ್ಯಾಸಿಗಿ ಒಳಗ ಅಂವಾ ಬೆನ್ನ ತೋರಿಸಿ ಹೇಳಾವ, ನೋಡಿಲ್ಲಿ, ನನಗ ಬೆವರ ಇಲ್ಲ, ನಾ ಸಾಹೇಬ ಅದೇನಿ ಅಂತ. ನಗತಿದ್ದ.’ ಆಮೇಲೆ, ‘ಆವಾಗ ಗುಳಿಗಿ ಇರಲಿಲ್ಲ. ಈಗ ಅದಾವಂತ’ ಎಂದರು. ಆ ‘ಅಂತ’ ಎಂಬುದರಲ್ಲಿ ಅವರಿಗೂ ಪೂರಾ ನಂಬಿಕೆಯಿಲ್ಲವೆಂದು ನನಗೆ ತಿಳಿಯಿತು.

ಬಿಜಾಪುರದ ದವಾಖಾನೆಯಲ್ಲಿ ಡಾಕ್ಟರು ವಯಸ್ಸಾದವರು, ಸಾವಧಾನದ ಮನುಷ್ಯ. ನನ್ನನ್ನು ಕಣ್ಣು ಮುಚ್ಚಲು ಹೇಳಿ, ಹತ್ತಿಯ ಎಳೆಯನ್ನು ಕೈಮೇಲೆ ಅಲ್ಲಲ್ಲಿ ಮುಟ್ಟಿಸುತ್ತ, ಮುಟ್ಟಿದ್ದು ಗೊತ್ತಾದಾಗ ಹೂಂ ಅನ್ನಬೇಕೆಂದರು. ನಾನು ಹೂಂ, ಹೂಂ ಎನ್ನುತ್ತ ಹೋದೆ. ಒಂದು ಕಡೆ ನಾನು ಸುಮ್ಮನಿದ್ದರೂ ‘ಹೂಂ’ ಎಂದು ಕೇಳಿಸಿತು. ಮತ್ತೊಂದು ಸಲವೂ ಹಾಗೇ. ಕಣ್ಣು ಬಿಟ್ಟು ನೋಡಿದರೆ ನನ್ನ ಬೆನ್ನ ಹಿಂದೆ ನಿಂತ ಚಾಚಾ, ನಾನು ಸುಮ್ಮನಾದಲ್ಲೆಲ್ಲ ತಾವೇ ಹೂಂ ಅನ್ನುತ್ತಿದ್ದರು.

‘ಪರೀಕ್ಷಾ ಇವರದರಿ, ನಿಮ್ಮದಲ್ಲ’ ಎಂದರು ಡಾಕ್ಟರು. ‘ನೀವು ಹೊರಗ ಕೂಡ್ರಿ.’

ಕೈಗಳ ವಿಷಯದಲ್ಲಿ ಯಾರಿಗೂ ಒಂದು ಸುಳ್ಳು ಬಿಟ್ಟುಕೊಡದ ಮನುಷ್ಯ, ನನಗಾಗಿ ಡಾಕ್ಟರ ಎದುರಿಗೇ ಸುಳ್ಳು ಹೇಳಲು ನಿಂತಿದ್ದರು. ಹೊರಗೆ ಹೋದವರು ಬಾಗಿಲ ಸಂದಿಯಿಂದ ಇಣುಕುತ್ತಲೇ ಇದ್ದರು.

ಡಾಕ್ಟರು ಮೊಣಕೈಯ ಹಿಂದಿನ ನರವನ್ನು ಒತ್ತಿ ನೋಡಿ, ಚಾಚಾನನ್ನೂ ಒಳಗೆ ಕರೆದು, ಆ ಹೆಸರನ್ನು ಹೇಳಿಯೇಬಿಟ್ಟರು. ಕುಷ್ಠ.  ಅವರು ಮಾತು ನಿಲ್ಲಿಸಿರಲಿಲ್ಲ. ‘ಹೆದರಬ್ಯಾಡ್ರಿ. ಬ್ಯಾಗ ಬಂದೀರಿ. ಆರು ತಿಂಗಳ ಗುಳಿಗಿ, ಪುಕ್ಕಟ ಕೊಡತೇವಿ. ನರಕ್ಕ ಬ್ಯಾರೆ ಔಷಧ ಐತಿ. ಬೆರಳ ಸೆಟಿಯಂಗಿಲ್ಲ. ಮುಟ್ಟಿದ್ದು ತಿಳಿಯೋದೂ ಬಹಳಷ್ಟು ವಾಪಸ್ ಬರತೈತಿ.’

‘ಒಂದ ತಾಟಿನಾಗ ಉಣಬಹುದೇನ್ರಿ?’ ಎಂದು ಕೇಳಿದರು ಚಾಚಾ. ಹಿಂದಿನ ದಿನವೇ ಉಂಡಾಗಿತ್ತು.

‘ಧಾರಾಳ ಉಣ್ರಿ.’

‘ಮದಿವಿ?’

‘ಅದನ್ನೂ ಮಾಡ್ಕೊಬಹುದು.’

ಹೊರಗೆ ಬಂದು ಬೇವಿನ ಗಿಡದ ಕಟ್ಟೆಯ ಮೇಲೆ ಕೂತೆವು.  ಚಾಚಾ ಎರಡು ಗ್ಲಾಸು ಕಬ್ಬಿನ ಹಾಲು ತಂದರು, ನನ್ನದನ್ನು ನನಗೆ ಕೊಡುವುದನ್ನೂ ಮರೆತು ಎರಡನ್ನೂ ತಾವೇ ಕುಡಿದುಬಿಟ್ಟರು. ಆ ದಿನದ ಹಗುರು ಎಂಥದೆಂದು ಹೇಗೆ ಹೇಳಲಿ! ನಾವಿಬ್ಬರೂ ಹುಚ್ಚರಂತೆ ನಗುತ್ತಿದ್ದೆವು. ಬಾಗೇವಾಡಿಗೆ ಬಂದಿಳಿದಾಗ ಮಾಲಕರು ‘ಪೇಪರ್ ಎಲ್ಲಿ?’ ಎಂದರು. ಇಬ್ಬರಿಗೂ ಒಂದು ತುಂಡು ಕಾಗದ ಕೊಳ್ಳಬೇಕೆಂಬುದು ನೆನಪಾಗಿರಲಿಲ್ಲ. ‘ಅಂಗಡಿಯವರ ಮುದುಕಿ ತೀರಿಕೊಂಡಾಳ್ರಿ, ಬಂದ್ ಐತಿ’ ಎಂದು ಚಾಚಾ ಯಾರ ಮನೆಯ ಮುದುಕಿಯನ್ನೋ ನಿಂತ ಕಾಲ ಮೇಲೆ ಕೊಂದರು.

ಇಷ್ಟೆಲ್ಲ ಸುಳ್ಳು ಹೇಳಿದವರು ಮುಂದಿನ ವಾರ ಒಂದು ಮಾತು ತೆಗೆದರು. ಹೊರ್ತಿಗೆ ಹೋಗಿ ಹುಡುಗಿಯ ಮನೆಯಲ್ಲಿ ಹೇಳಬೇಕು.

‘ಗುಣ ಆಗೋದೈತಿ ಅಂದಾರಲ್ರಿ ಚಾಚಾ, ಯಾಕ ಹೇಳಬೇಕು?’

‘ಮಾಲಕನಿಗೆ ಹೇಳಬ್ಯಾಡ, ಊರಿಗೆ ಹೇಳಬ್ಯಾಡ, ಅವರಿಗೇನ್ ಸಂಬಂಧ? ಆದ್ರ ಆ ಹುಡುಗಿ ನಾಳಿಗೆ ಇದ ಕೈ ಹಿಡಿಯಾಕಿ. ಆಕಿಗೆ ಹೇಳದನ ಇರೂದು ನ್ಯಾಯ ಅಲ್ಲ.’

ಸಂಬಂಧ ಮುರಿದುಬೀಳುವುದು ಖಂಡಿತ ಎಂದು ನನಗೆ ಅನ್ನಿಸಿತು. ಸಿಟ್ಟೂ ಬಂತು. ಆದರೂ ಹೋದೆವು. ದಾರಿಯುದ್ದಕ್ಕೂ ಚಾಚಾ ಏನು ಮಾತಾಡಬೇಕೆಂದು ಉರು ಹಾಕಿದರು. ‘ನೀ ಬಾಯಿ ತಗೀಬ್ಯಾಡ, ಎಲ್ಲಾ ನಾ ಹೇಳತೇನಿ.’

ಹೊರ್ತಿಯಲ್ಲಿ ಅವರದು ನಿಂಬೆಯ ತೋಟದ ಮನೆ. ಹುಡುಗಿಯ ತಂದೆ ಕಂಬಳಿ ಹಾಸಿ ಕೂಡಿಸಿದರು, ನಿಂಬೆಹಣ್ಣಿನ ಪಾನಕ ಬಂತು. ಚಾಚಾ ಮಾತು ಶುರು ಮಾಡಿದರು. ನಿಂಬೆಯ ಧಾರಣೆ ಕೇಳಿದರು. ಮಳೆಯ ಬಗ್ಗೆ ಮಾತಾಡಿದರು. ಅಂಗಳದಲ್ಲಿದ್ದ ಟ್ರ್ಯಾಕ್ಟರಿನ ಮಡ್ಗಾರ್ಡ್ ಎದ್ದು ಹೋಗಿ ಸವರಿ ಬಂದು, ‘ಒಂದು ಸಲ ಗುದ್ದೇತಿ’ ಅಂದರು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಮಾತಾಡುವ ಮನುಷ್ಯನಿಗೆ ಆ ಒಂದು ಮಾತು ಗಂಟಲಿನಿಂದ ಹೊರಡಲಿಲ್ಲ. ಬೆವರುತ್ತ ಕೂತಿದ್ದರು. ಅವರನ್ನು ನೋಡಿ ನನಗೇ ಕನಿಕರ ಬಂತು. ನಾನು ಅಂಗಿಯ ತೋಳು ಮಡಚಿ ಕೈ ಮುಂದೆ ಚಾಚಿ, ‘ನನಗ ಕುಷ್ಠರೋಗದ ಮಚ್ಚಿ ಆಗೇತ್ರಿ. ಔಷಧ ನಡದೈತಿ’ ಎಂದುಬಿಟ್ಟೆ.

ಹುಡುಗಿಯ ತಂದೆ ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟರು.  ಒಳಗಿನ ಬಾಗಿಲಲ್ಲಿ ಹುಡುಗಿ ನಿಂತಿದ್ದಳು. ಅವಳು ಆ ಊರಿನ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆಂದು ನಮಗೆ ಗೊತ್ತಿತ್ತು. ಅದರಿಂದ ಏನಾಗಬಹುದೆಂದು ಮಾತ್ರ ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ. ಅವಳು ನೆಟ್ಟಗೆ ಬಂದು, ನನ್ನ ಮುಂಗೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಕೇಳಿದ್ದು ನನ್ನನ್ನಲ್ಲ, ಚಾಚಾನನ್ನು.

‘ಗುಳಿಗಿ ಚಾಲೂ ಮಾಡ್ಯಾರೇನ್ರಿ?’

‘ಹೌದವಾ.’

‘ದಿನಾ ತಪ್ಪಸದನ ತಗೋತಾರೋ ಇಲ್ಲೋ?’

‘ನನ್ನ ಮುಂದನ ನುಂಗಸ್ತೇನವಾ.’

‘ಹಂಗಂದ್ರ ಅಂಜೂದೇನೈತಿ?’ ಎಂದು ತಂದೆಯ ಕಡೆ ತಿರುಗಿದಳು. ‘ನಮ್ಮ ಅಂಗನವಾಡಿ ಗ್ವಾಡಿಗೆ ಚಿತ್ರಾ ಹಚ್ಚೇವಲ್ಲಪ್ಪ. ಈ ಊರಾಗ ಈ ಗುಳಿಗಿ ಮನಿಗೆ ಕೊಟ್ಟು ಬರಾಕಿ ನಾನ ಅಲ್ಲೇನು? ಅವರೆಲ್ಲ ಈಗ ಹೊಲಾ ಗಳೇ ಹೊಡ್ಯಾಕತ್ತಾರ.’

ಚಾಚಾ ಅವಳನ್ನೇ ಬಾಯಿ ಬಿಟ್ಟು ನೋಡುತ್ತಿದ್ದರು. ಆಮೇಲೆ ಆ ಪಾನಕದ ಗ್ಲಾಸನ್ನು ಒಂದೇ ಉಸಿರಿಗೆ ಕುಡಿದು, ‘ಇನ್ನೊಂದು ಐತೇನವಾ?’ ಎಂದರು.

ತಂದೆ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಗುಳಿಗೆ ಮುಗಿಯಲಿ, ಬೆರಳಿಗೆ ತಿಳಿವು ಬರಲಿ, ಆಮೇಲೆ ನೋಡೋಣ ಎಂದರು. ಅದು ಅವರ ನ್ಯಾಯ. ನಾನು ಹೂಂ ಎಂದೆ. ಊರಿಗೆ ಬಂದು ಅವ್ವನಿಗೂ ಹೇಳಿದೆ. ಅವ್ವ ಅತ್ತಳು, ಅತ್ತು ಮುಗಿದ ಮೇಲೆ ಚಾಚಾನ ಹತ್ತಿರ ಬಂದು ಅವರ ಎರಡೂ ಕೈಗಳನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು. ಚಾಚಾ ಎಡಗೈ ಮಾತ್ರ ಬೇಗ ಬಿಡಿಸಿಕೊಂಡರು ಎಂದು ನಾನು ಈಗಲೂ ತಮಾಷೆ ಮಾಡುವುದುಂಟು.

ಆ ತಿಂಗಳುಗಳಲ್ಲಿ ಚಾಚಾ ನನಗೆ ಉಜ್ಜಲು ಬಿಡಲಿಲ್ಲ. ‘ಇವನ ಸೊಂಟ ಹೋಗೇತಿ, ಬಣ್ಣ ಅಷ್ಟ ಹೊಡಿಲಿ’ ಎಂದು ಮಾಲಕರಿಗೆ ಹೇಳಿ, ಸೋಮಾರಿ ಎಂಬ ನನ್ನ ಹೆಸರನ್ನೇ ಗುಟ್ಟಿಗೆ ಹೊದಿಕೆ ಮಾಡಿದರು. ಕೆಂಪು ಗುಳಿಗೆ ನುಂಗಿದ ದಿನ ಉಚ್ಚೆ ಕೆಂಪಗಾಗಿ ನಾನು ಹೌಹಾರಿ ಓಡಿಬಂದರೆ, ಅದು ಔಷಧದ ಬಣ್ಣ ಎಂದು ಡಾಕ್ಟರು ಹೇಳಿದ್ದನ್ನು ನೆನಪಿಸಿ, ‘ಪೇಂಟರ್ ಅದಿ, ಬಣ್ಣಕ್ಕ ಅಂಜತಿ?’ ಎಂದು ನಕ್ಕರು. ದಿನವೂ ಚಹಾ ಆದ ಮೇಲೆ ಟಾಯರಿನ ರಾಶಿಯ ಹಿಂದೆ ನನ್ನ ಕಣ್ಣು ಮುಚ್ಚಿಸಿ ಕಾಗದ ಮುಟ್ಟಿಸುತ್ತಿದ್ದರು. ದಿನವೂ ನಾನು ತಿಳಿಯಲಿಲ್ಲವೆಂದು ತಲೆಯಾಡಿಸುತ್ತಿದ್ದೆ. ಅವರು ಕಾಗದ ಕಿಸೆಗೆ ಹಾಕಿಕೊಂಡು ಎದ್ದುಹೋಗುತ್ತಿದ್ದರು.

ಮಳೆಗಾಲ ಮುಗಿಯುತ್ತ ಬಂದಿತ್ತು. ಹಾಗೆಯೇ ಕಣ್ಣು ಮುಚ್ಚಿ ಕೂತಿದ್ದೆ, ಉಂಗುರಬೆರಳಿನ ಬುಡದಲ್ಲಿ ಇರುವೆ ಹರಿದಂತಾಯಿತು.

‘ಚಾಚಾ, ಇರುವಿ ಬಂತು.’

‘ಇರುವಿ ಅಲ್ಲೋ.’ ಕಾಗದವನ್ನು ಇನ್ನಷ್ಟು ಒತ್ತಿ ಹಿಡಿದರು. ‘ಯಾವ ನಂಬರ್ ಹೇಳು.’

‘ಎಂಬತ್ತೇನ್ರಿ?’

‘ಎಂಬತ್ತ!’

ನನ್ನನ್ನು ತಬ್ಬಿಕೊಂಡರೆಂದು ಬರೆದರೆ ಸುಳ್ಳಾದೀತು. ಎದ್ದು ನಿಂತು, ಮೊಳೆಗೆ ತೂಗುಹಾಕಿದ್ದ ನನ್ನ ಕಾಲುಚೀಲವನ್ನು ತಂದು ಮುಖಕ್ಕೆ ಎಸೆದರು. ‘ಇನ್ನ ಬಾಗಿಲದಾಗ ತಗ್ಗು ಬಿತ್ತು ಅಂದ್ರ ನೆವಾ ಇಲ್ಲ ಮಗನ ನಿನಗ. ಹೊಡೀತೇನಿ’ ಎಂದು ಗದರಿ, ಹಿತ್ತಲ ಕಡೆಗೆ ಹೋದರು. ಬಹಳ ಹೊತ್ತು ಮುಖ ತೊಳೆದುಕೊಂಡರು.

ಮುಂದೆ ನಾಲ್ಕುನೂರರ ನುಣುಪೂ ಆ ಬೆರಳಿಗೆ ತಿಳಿಯಿತು. ಕಿರುಬೆರಳ ತುದಿ ಮಾತ್ರ ಇವತ್ತಿಗೂ ತುಸು ಮಂದ. ಮದುವೆ ಹೊರ್ತಿಯಲ್ಲಿಯೇ ಆಯಿತು. 

ಕೆಲವು ವರ್ಷಕ್ಕೆ ನಾನು ಬೇರೆ ಶೆಡ್ಡು ಹಾಕಿದೆ. ಉಜ್ಜುವ ಮೆಷಿನ್ನುಗಳು ಬಂದವು, ಚಾಚಾನಿಗೆ ಅವುಗಳ ಸದ್ದು ಸೇರಲಿಲ್ಲ. ಕೊಲ್ಹಾರಕ್ಕೆ ಹೋಗಿ ಮಗನೊಂದಿಗೆ ಇದ್ದರು. ಹೋದಾಗಲೆಲ್ಲ ನನ್ನ ಮುಖ ನೋಡುವ ಮೊದಲು ಎಡಗೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಒತ್ತುತ್ತಿದ್ದರು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವೆಂದು ಮಗ ಫೋನ್ ಮಾಡಿದ. ಯಾವ ನೋವೂ ಇಲ್ಲದ ಸಾವು, ಅಷ್ಟರಮಟ್ಟಿಗೆ ಸಮಾಧಾನ.

ನಾನು ಕೊಲ್ಹಾರ ಮುಟ್ಟಿದಾಗ ಮನೆಯ ಮುಂದೆ ಜನ ಸೇರಿದ್ದರು. ಚಾಚಿ ಬಾಗಿಲ ಮರೆಯಿಂದ ನನ್ನನ್ನು ಕರೆದರು. ಅತ್ತು ಅತ್ತು ದನಿ ಉಳಿದಿರಲಿಲ್ಲ.

‘ನಿನ್ನ ಎಡಗೈಗೆ ಏನಾಗಿತ್ತಪ್ಪಾ?’

ನಾನು ಬೆಚ್ಚಿ ನೋಡಿದೆ.

‘ಬಾಗೇವಾಡಿ ಕಡಿಂದ ಯಾರ ಬರಲಿ, ಅಂವನ ಎಡಗೈ ಹ್ಯಾಂಗೈತಿ ಅಂತ ಕೇಳಾವ್ರು. ಏನಾಗೇತ್ರಿ ಅಂವಗ ಅಂದ್ರ, ಏನಿಲ್ಲ, ಬಗ್ಗಾಕ ಬ್ಯಾಸರ ಅಂವಗ ಅಂತಿದ್ರು. ಮನ್ನೆ ಸೈತ ಕೇಳಿದ್ರು. ನನಗೊಂದೂ ತಿಳೀಲಿಲ್ಲ.’

ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ ಹೆಂಡತಿಗೂ ಅವರು ಹೇಳಿರಲಿಲ್ಲ. ‘ಛಲೋ ಐತ್ರಿ ಚಾಚಿ’ ಎಂದೆ.  ಕೈಯನ್ನು ಅವರ ಮುಂದೆ ಚಾಚಿದೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಕೊಲ್ಹಾರದ ಖಬರಸ್ಥಾನದಲ್ಲಿ ನಿಂತರೆ ಕೃಷ್ಣೆಯ ಹಿನ್ನೀರು ಕಾಣುತ್ತದೆ. ಎಲ್ಲರೂ ಮಣ್ಣು ಕೊಟ್ಟರು, ನಾನೂ ಕೊಟ್ಟೆ. ಸಲಿಕೆಯಿಂದ ಗೋರಿಯ ಮಣ್ಣನ್ನು ಒಟ್ಟಿ ಜನ ಹಿಂದೆ ಸರಿದ ಮೇಲೆ ನನಗೆ ಸುಮ್ಮನೆ ನಿಲ್ಲಲಾಗಲಿಲ್ಲ. ಕೂತು ಎಡಗೈಯಿಂದ ಮೆಲ್ಲಗೆ ಸವರಿದೆ. ತಲೆಯ ಕಡೆಯಿಂದ ಕಾಲಿನವರೆಗೆ ಹಸಿ ಮಣ್ಣು ತಣ್ಣಗಿತ್ತು. ಒಂದು ಕಡೆ, ಜೋಳದ ಕಾಳಿಗಿಂತ ಸಣ್ಣ ಹರಳೊಂದು ಉಂಗುರಬೆರಳಿಗೆ ಚುಚ್ಚಿತು. ಅದನ್ನು ತೆಗೆದು ಆಚೆ ಇಟ್ಟು, ಆ ಜಾಗವನ್ನು ಮತ್ತೊಮ್ಮೆ ಸವರಿ ಸಮ ಮಾಡಿದೆ.